ಶ್ರವಣದಿಂದ ವಾಚನಕ್ಕೆ

ವಿದ್ಯೆಯ ಮೊದಲ ದ್ವಾರ ಕಿವಿ. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಕ್ರಮವನ್ನು ಹೇಳಿದ ಪೂರ್ವಿಕರು ಶ್ರವಣವನ್ನೇ ಮೊದಲಿಗಿರಿಸಿದರು. ಕೊಪ್ಪಳ, ಗಿಣಿಗೇರಾ ಪರಿಸರದ ಜನರಿಗೆ ಇದು ಹೊಸ ಮಾತಲ್ಲ. ಶ್ರಾವಣಮಾಸದಲ್ಲಿ ಪುರಾಣ ಹಚ್ಚುವ ಪದ್ಧತಿ ಈ ನಾಡಿನ ಮಠಗಳಲ್ಲಿ ಇಂದಿಗೂ ಉಳಿದಿದೆ. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣವನ್ನೂ ಗದುಗಿನ ಕುಮಾರವ್ಯಾಸನ ಭಾರತವನ್ನೂ ಅಕ್ಷರವರಿಯದ ರೈತಾಪಿ ಜನರು ಕೇಳಿಯೇ ಬಲ್ಲವರಾದರು.

ಇಂದು ಆ ಶ್ರವಣವು ಆಡಿಯೋ ಬುಕ್, ಅಂದರೆ ಧ್ವನಿಪುಸ್ತಕದ ರೂಪದಲ್ಲಿ ಮೊಬೈಲಿಗೆ ಬಂದಿದೆ. ಇದರಿಂದ ಮಕ್ಕಳ ವಾಚನಶಕ್ತಿ ಬೆಳೆದೀತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಐದನೆಯ ತರಗತಿಗೆ ಬಂದರೂ ತಡವರಿಸಿ ಓದುವ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಅವರಿಗೆ ಅಕ್ಷರ ಬರುತ್ತದೆ, ಪದ ಕೂಡುವುದಿಲ್ಲ. ಮನೆಯಲ್ಲಿ 'ಬಂದಾನ', 'ಹೋಗ್ಯಾರ' ಎಂದು ಕೇಳಿದ ಮಗುವಿಗೆ ಪುಸ್ತಕದ 'ಬಂದಿದ್ದಾನೆ', 'ಹೋಗಿದ್ದಾರೆ' ಕಿವಿಗೆ ಬೀಳದ ರೂಪಗಳು. ಕಾರ್ಖಾನೆಗಳ ಕೆಲಸಕ್ಕೆಂದು ದೂರದಿಂದ ಬಂದವರ ಮಕ್ಕಳಿಗಂತೂ ಮನೆಮಾತೇ ಬೇರೆ. ಒತ್ತಕ್ಷರ ಬಿಡಿಸುತ್ತ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನ ಪದ ಮರೆತಿರುತ್ತದೆ. ನಾಲ್ವರು ನಕ್ಕರೆ ಆ ಮಗು ಮತ್ತೆ ಬಾಯಿ ತೆರೆಯದು. ಇಂಥವರಿಗೆ ಸ್ಫುಟವಾದ ಉಚ್ಚಾರ, ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಯಾವುದರೊಡನೆ ಕೂಡಿಸಬೇಕು ಎಂಬ ಅರಿವು ಕೇಳುವುದರಿಂದಲೇ ಬರಬೇಕು.

ಆದರೆ ಕೇಳುವುದೇ ಸಾಕಾದರೆ ಓದುವ ಶ್ರಮವೇಕೆಂದು ಮಗು ಕೇಳೀತು. ಈ ಆಕ್ಷೇಪ ಹುರುಳಿಲ್ಲದ್ದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಶ್ರವಣದಿಂದಲೇ ಸಂಗೀತವಿದ್ಯೆಯನ್ನು ಪಡೆದರು. ಆದರೂ ಅಲ್ಲಿಯ ಪುಟ್ಟರಾಜ ಗವಾಯಿಗಳು ಕಿವಿಯಲ್ಲಿಯೇ ನಿಲ್ಲದೆ ಬ್ರೈಲ್ ಲಿಪಿಯನ್ನು ಸಾಧಿಸಿಕೊಂಡು ಗ್ರಂಥಕರ್ತರಾದರು. ಕಣ್ಣುಳ್ಳ ಮಗು ಕಿವಿಯಲ್ಲಿಯೇ ನಿಂತರೆ ಅದು ಆಲಸ್ಯವೇ ಸರಿ.

ಆದುದರಿಂದ ಕ್ರಮವೊಂದು ಅವಶ್ಯ. ಧ್ವನಿ ಕೇಳುವಾಗ ಪುಸ್ತಕ ತೆರೆದಿರಬೇಕು, ಬೆರಳು ಸಾಲಿನ ಮೇಲಿರಬೇಕು. ಮೊದಲ ಸಲ ಕೇಳುತ್ತ ನೋಡುವುದು. ಎರಡನೆಯ ಸಲ ಧ್ವನಿಯೊಡನೆ ದನಿಗೂಡಿಸುವುದು. ಮೂರನೆಯ ಸಲ ಯಂತ್ರವನ್ನು ನಿಲ್ಲಿಸಿ ಮಗು ತಾನೊಬ್ಬನೇ ಓದುವುದು. ಈ ಮೂರನೆಯ ಹೆಜ್ಜೆಯಿಲ್ಲದಿದ್ದರೆ ಮೊದಲೆರಡೂ ವ್ಯರ್ಥ. ಹಿಂದೆ ಆಕಾಶವಾಣಿಯಲ್ಲಿ ಶಾಲಾಮಕ್ಕಳಿಗಾಗಿ 'ಕೇಳಿ-ಕಲಿ' ಪ್ರಸಾರವಾದಾಗ ಹಿಂದುಳಿದ ಮಗುವಿಗಾಗಿ ರೇಡಿಯೋ ನಿಲ್ಲುತ್ತಿರಲಿಲ್ಲ. ಇಂದಿನ ಧ್ವನಿಮುದ್ರಣ ನಿಲ್ಲುತ್ತದೆ, ಹಿಂದಕ್ಕೂ ಬರುತ್ತದೆ. ಅದರ ನಿಜವಾದ ಪ್ರಯೋಜನ ಇದೇ.

ಇದಕ್ಕೆ ಹೆಚ್ಚಿನ ವೆಚ್ಚ ಬೇಡ. ಪಠ್ಯದ ಪಾಠಗಳನ್ನು ಅಧ್ಯಾಪಕರೇ ಮೊಬೈಲಿನಲ್ಲಿ ಓದಿ ಮುದ್ರಿಸಬಹುದು. ಪ್ರೌಢಶಾಲೆಯ ವಿದ್ಯಾರ್ಥಿಗಳು ಚಿಕ್ಕವರಿಗಾಗಿ ಓದಿ ಮುದ್ರಿಸಿದರೆ ಓದಿದವರಿಗೂ ಲಾಭ, ಕೇಳಿದವರಿಗೂ ಲಾಭ. ಓದು ಬಾರದ ತಾಯಿಯೂ ಮನೆಯಲ್ಲಿ ಅದನ್ನು ಕೇಳಿ, ಮಗನ ಓದು ಎಲ್ಲಿ ತಪ್ಪಿತೆಂದು ತಿದ್ದಬಲ್ಲಳು.

ಶರಣರ ವಚನಗಳು ಮೊದಲು ನುಡಿಗಳೇ. ತಾಡವೋಲೆಗೆ ಇಳಿದುದರಿಂದ ಅವು ಉಳಿದವು, 1923ರಲ್ಲಿ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಅಚ್ಚಾದುದರಿಂದ ಮನೆಮನೆಗೆ ಮುಟ್ಟಿದವು. ಕೇಳಿದ್ದು ಅಕ್ಷರವಾದಾಗಲೇ ಸ್ಥಿರವಾಗುತ್ತದೆ. ಮಗು ಎಷ್ಟು ಗಂಟೆ ಕೇಳಿತೆಂಬುದು ಲೆಕ್ಕಕ್ಕೆ ಬಾರದು. ಧ್ವನಿ ನಿಂತ ಮೇಲೆ ಹೊಸ ಪುಟವೊಂದನ್ನು ಅಳುಕದೆ ಓದಿತೇ ಎಂಬುದೇ ಒರೆಗಲ್ಲು. ಶ್ರೀಮಠದ ಶಾಲೆಗಳು ಈ ಒರೆಗಲ್ಲನ್ನು ಮುಂದಿಟ್ಟುಕೊಂಡು ಹೊಸ ಸಾಧನವನ್ನು ಬಳಸಿದರೆ ಅಕ್ಷರದಾಸೋಹ ಸಾರ್ಥಕವಾದೀತು.