ಒಂದೇ ಕಂಠದ ವಾದ್ಯ

ಎಲೆಕ್ಟ್ರಾನಿಕ್ ಸಂಗೀತ ಮಾಡಬೇಕೆಂದು ಹೊರಟವರಿಗೆ ಮೊದಲ ದಿನವೇ ಒಂದು ಪ್ರಶ್ನೆ ಎದುರಾಗುತ್ತದೆ. ಮನೆಯಲ್ಲಿ ಹೇಗೂ ಲ್ಯಾಪ್‌ಟಾಪ್ ಇದೆ, ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಹಾಗಿರುವಾಗ ಕೂಡಿಟ್ಟ ಹಣ ಸುರಿದು, ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಅನಲಾಗ್ ಸಿಂಥಸೈಜರ್ ತರಬೇಕೆ? ತರಲೇಬೇಕು ಅನ್ನುವವರಿಗೂ ಬೇಡವೇ ಬೇಡ ಅನ್ನುವವರಿಗೂ ಅವರವರ ಅನುಭವದ ಬಲವಿದೆ. ಎರಡೂ ಮಾತನ್ನು ಸಮಾಧಾನದಿಂದ ತೂಗಿ ನೋಡುವುದು ಒಳ್ಳೆಯದು. ಖರ್ಚಾಗುವುದು ಎಳೆಯರು ಕಷ್ಟಪಟ್ಟು ಉಳಿಸಿದ ದುಡ್ಡು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ವಾದ್ಯವನ್ನು ಮುಂದಿಟ್ಟುಕೊಳ್ಳೋಣ. ಜಪಾನಿನ ಕಾರ್ಗ್ ಕಂಪನಿ 2016ರ ಕೊನೆಯಲ್ಲಿ ಘೋಷಿಸಿದ ಮಾನೋಲಾಗ್ ಅದು. ಆಗ ಅದರ ಬೆಲೆ 299 ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 20 ಸಾವಿರ ರೂಪಾಯಿ. ಸಾಗಣೆ, ಸುಂಕ ಸೇರಿದರೆ ಇನ್ನೂ ಹೆಚ್ಚು. ತೂಕ ಎರಡು ಕೆಜಿಗಿಂತ ಕಡಿಮೆ, 25 ಚಿಕ್ಕ ಮನೆಗಳು (ಕೀಗಳು), ಎರಡು ಆಸಿಲೇಟರ್, ಒಂದು ಫಿಲ್ಟರ್, ತಾನೇ ನುಡಿಸಿಕೊಂಡು ಹೋಗುವ 16 ಹೆಜ್ಜೆಗಳ ಸೀಕ್ವೆನ್ಸರ್. ಆರು ಪೆನ್‌ಸೆಲ್ ಹಾಕಿದರೆ ಪ್ಲಗ್ಗಿಲ್ಲದೆಯೂ ನುಡಿಯುತ್ತದೆ. ಕಾರ್ಗ್‌ನ ಅಂದಿನ ಅನಲಾಗ್ ವಿಭಾಗದ ಮುಖ್ಯ ಎಂಜಿನಿಯರ್ ತತ್ಸುಯ ತಕಾಹಾಶಿ 2010ರ ಮಾನೋಟ್ರಾನ್, 2013ರ ವೋಲ್ಕಾ ಮುಂತಾದ ಅಂಗೈಯಗಲದ ವಾದ್ಯಗಳಿಂದ ಹಿಡಿದುಕೊಂಡು ಬಂದ ದಾರಿ ಇದು. ‘ಮಾನೋ’ ಮತ್ತು ‘ಅನಲಾಗ್’ ಕೂಡಿದ ಈ ಹೆಸರಿಗೆ ಇಂಗ್ಲಿಷಿನಲ್ಲಿ ಸ್ವಗತ ಎಂಬ ಅರ್ಥವೂ ಇದೆ. ಒಂದೇ ಕಂಠದ ವಾದ್ಯಕ್ಕೆ ಅದು ತಕ್ಕ ಹೆಸರು.

ಈ ಬೆಲೆ ಎಷ್ಟು ದೊಡ್ಡ ಬದಲಾವಣೆ ಎಂಬುದನ್ನು ಮೊದಲು ನೆನೆಯಬೇಕು. 1970ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಅವರ ಕಾರ್ಖಾನೆಯಲ್ಲಿ ಹುಟ್ಟಿದ ಮಿನಿಮೂಗ್ ಕೂಡ ಒಂದೇ ಕಂಠದ್ದು. ಆಗ ಅದರ ಬೆಲೆ ಸುಮಾರು 1500 ಡಾಲರ್. ಹಣದುಬ್ಬರ ಲೆಕ್ಕ ಹಾಕಿದರೆ 2017ರ 9 ಸಾವಿರ ಡಾಲರಿಗೂ ಮಿಕ್ಕುತ್ತದೆ. ಬಿಸಿ ಏರಿದಂತೆ ಟ್ರಾನ್ಸಿಸ್ಟರ್‌ಗಳ ವರ್ತನೆ ಬದಲಾಗಿ ಹಳೆಯ ಸಿಂಥ್‌ಗಳು ಶ್ರುತಿ ತಪ್ಪುತ್ತಿದ್ದವು, ನುಡಿಸುವವರು ಮತ್ತೆ ಮತ್ತೆ ಸರಿಪಡಿಸಬೇಕಿತ್ತು. ಇಂದು ಯಂತ್ರವೇ ಸಾಸಿವೆಯಷ್ಟು ಸಣ್ಣ ಬಿಡಿಭಾಗಗಳನ್ನು ಬೋರ್ಡಿನ ಮೇಲೆ ಕೂರಿಸುತ್ತದೆ, ಒಳಗಿನ ಪ್ರೊಸೆಸರ್ ಆಸಿಲೇಟರ್‌ಗಳನ್ನು ತಾನೇ ಶ್ರುತಿ ಮಾಡುತ್ತದೆ. ಬೆಲೆ ಇಳಿದದ್ದು ಹೀಗೆ.

ಕೊಳ್ಳಿ ಅನ್ನುವವರ ಮೊದಲ ವಾದ ಕಲಿಕೆಯದು. ಇದು ನನಗೆ ಅತ್ಯಂತ ಗಟ್ಟಿಯಾಗಿ ಕಾಣುವ ವಾದ. ಅನಲಾಗ್ ಸಿಂಥ್‌ನಲ್ಲಿ ಸರ್ಕಿಟ್‌ನೊಳಗೆ ಏರಿಳಿಯುವ ವೋಲ್ಟೇಜೇ ಸ್ಪೀಕರಿನಲ್ಲಿ ನಾದವಾಗುತ್ತದೆ. ಆಸಿಲೇಟರ್ ಗರಗಸದ ಹಲ್ಲಿನಂಥ ಅಲೆಯನ್ನೋ ಚೌಕದಂಥ ಅಲೆಯನ್ನೋ ಎಬ್ಬಿಸುತ್ತದೆ, ಅದರಲ್ಲಿ ಹಾರ್ಮೋನಿಕ್ಸ್, ಅಂದರೆ ಮೂಲ ಸ್ವರದ ಜೊತೆಗೇ ಮೊಳಗುವ ಮೇಲಿನ ಸ್ವರಗಳು, ತುಂಬಿ ತುಳುಕುತ್ತವೆ. ಫಿಲ್ಟರ್ ಬೇಡದ್ದನ್ನು ಸೋಸುತ್ತದೆ. ಸ್ವರ ಹೇಗೆ ಹುಟ್ಟಿ, ಎಷ್ಟು ನಿಂತು, ಹೇಗೆ ಆರಬೇಕೆಂದು ಎನ್ವಲಪ್ ಹೇಳುತ್ತದೆ. ಮಾನೋಲಾಗ್‌ನಲ್ಲಿ ಈ ಮೂರಕ್ಕೂ ಕೈಗೆ ಸಿಗುವ ತಿರುಗುಗುಂಡಿಗಳಿವೆ. ಅಲೆಯ ಆಕಾರ ತೋರಿಸುವ ಪುಟ್ಟ ಪರದೆಯೂ ಇದೆ. ಗುಂಡಿ ತಿರುಗಿಸಿದಂತೆ ಕಣ್ಣಿಗೆ ಅಲೆ ಬದಲಾಗುವುದು, ಕಿವಿಗೆ ನಾದ ಬದಲಾಗುವುದು ಒಟ್ಟಿಗೇ ನಡೆಯುತ್ತದೆ. ಪುಸ್ತಕದಲ್ಲಿ ಎಷ್ಟು ಓದಿದರೂ ತಲೆಗೆ ಹತ್ತದ ಸಂಗತಿ ಇಲ್ಲಿ ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ.

ಎರಡನೆಯದು ಏಕಾಗ್ರತೆ. ಲ್ಯಾಪ್‌ಟಾಪಿನಲ್ಲಿ ಸಾವಿರಾರು ಸಿದ್ಧ ಧ್ವನಿಗಳಿವೆ, ಅವುಗಳಲ್ಲಿ ಯಾವುದನ್ನು ಆರಿಸಲಿ ಎನ್ನುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಸ್ವಿಚ್ ಹಾಕಿದೊಡನೆ ನುಡಿಯುವ ಪೆಟ್ಟಿಗೆಯಲ್ಲಿ ಸಂದೇಶವಿಲ್ಲ, ಅಪ್‌ಡೇಟ್ ಇಲ್ಲ, ಪಾಸ್‌ವರ್ಡ್ ಇಲ್ಲ. ಕರೆಂಟ್ ಹೋದರೂ ಪೆನ್‌ಸೆಲ್ ಮೇಲೆ ಅಭ್ಯಾಸ ನಡೆಯುತ್ತದೆ. ಕೊಂಡ ದಿನ ಏನು ನುಡಿಸುತ್ತಿತ್ತೋ ಹತ್ತು ವರ್ಷದ ನಂತರವೂ ಅದನ್ನೇ ನುಡಿಸುತ್ತದೆ. ಆಪರೇಟಿಂಗ್ ಸಿಸ್ಟಂ ಬದಲಾದಾಗ ಹಳೆಯ ಪ್ಲಗಿನ್ ತೆರೆಯದೆ, ಅರ್ಧಕ್ಕೆ ನಿಂತ ಹಾಡು ಹಾಗೇ ಉಳಿದುಹೋಗುವ ಸಂಕಟ ಅನುಭವಿಸಿದವರಿಗೆ ಈ ಮಾತಿನ ಬೆಲೆ ಗೊತ್ತು.

ಬೇಡ ಅನ್ನುವವರ ವಾದವೂ ಅಷ್ಟೇ ಗಂಭೀರವಾದದ್ದು. ಹಾಡೆಂದರೆ ಒಂದು ಎಳೆಯಲ್ಲ. ತಾಳ ಬೇಕು, ಕೆಳಸ್ಥಾಯಿಯ ಬೇಸ್ ಬೇಕು, ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕು, ಹಾಡುವ ದನಿ ಬೇಕು. ಒಂದೇ ಕಂಠದ ವಾದ್ಯ ಮೂರು ಸ್ವರದ ಕಾರ್ಡನ್ನು ಹಿಡಿದು ನುಡಿಸಲಾರದು. ಒಂದೊಂದೇ ಎಳೆ ನುಡಿಸಿ, ಧ್ವನಿಮುದ್ರಿಸಿ, ಮೇಲೆ ಮೇಲೆ ಜೋಡಿಸಬೇಕು. ಆ ಜೋಡಣೆಗೆ ಕಂಪ್ಯೂಟರ್ ಬೇಕೇ ಬೇಕು. ಅಂದಮೇಲೆ ಕಂಪ್ಯೂಟರ್ ಬದಲಿಗೆ ಸಿಂಥ್ ಎಂಬ ಆಯ್ಕೆಯೇ ನಿಲ್ಲುವುದಿಲ್ಲ. ಇರುವುದು ಕಂಪ್ಯೂಟರ್ ಜೊತೆಗೆ ಸಿಂಥ್ ಎಂಬ ಹೆಚ್ಚುವರಿ ಖರ್ಚು. ಅದರ ಬೆನ್ನಿಗೆ ಆಡಿಯೊ ಇಂಟರ್‌ಫೇಸ್, ಕೇಬಲ್, ಒಳ್ಳೆಯ ಹೆಡ್‌ಫೋನ್ ಸಾಲುಗಟ್ಟುತ್ತವೆ. ಅಗ್ಗದ ವಾದ್ಯ ಎಂದುಕೊಂಡದ್ದು ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ.

ಧ್ವನಿಯ ವಿಷಯದಲ್ಲೂ ಅವರಿಗೆ ಉತ್ತರವಿದೆ. ಅನಲಾಗ್ ನಾದ ಬೆಚ್ಚಗಿರುತ್ತದೆ ಎಂಬ ಮಾತನ್ನು ಬಹಳ ಜನ ಹೇಳುತ್ತಾರೆ. ಎರಡು ಆಸಿಲೇಟರ್‌ಗಳ ನಡುವಿನ ಕೂದಲೆಳೆಯ ವ್ಯತ್ಯಾಸ, ಫಿಲ್ಟರನ್ನು ಒತ್ತಿದಾಗ ಬರುವ ಒರಟುತನ ಇವು ನಿಜವಾದ ಗುಣಗಳೇ. ಆದರೆ ತಾಳ, ಹಾಡು ಎಲ್ಲ ಸೇರಿದ ಮೇಲೆ ಕೇಳುಗರು ಅದನ್ನು ಬೇರೆಯಾಗಿ ಗುರುತಿಸುವುದು ಬಹಳ ಕಷ್ಟ. ಸರ್ಜ್, ವೈಟಲ್, ವಿಸಿವಿ ರ‍್ಯಾಕ್‌ನಂಥ ಸಾಫ್ಟ್‌ವೇರ್ ಸಿಂಥ್‌ಗಳು ಪುಕ್ಕಟೆ ಸಿಗುತ್ತವೆ. ಸರ್ಜ್ ಎಷ್ಟೋ ಕಂಠಗಳಲ್ಲಿ ಒಟ್ಟಿಗೆ ನುಡಿಯುತ್ತದೆ. ವಿಸಿವಿ ರ‍್ಯಾಕ್ ಅಂತೂ ಕೋಣೆ ತುಂಬುವ ಹಳೆಯ ಮಾಡ್ಯುಲರ್ ಸಿಂಥನ್ನೇ ಪರದೆಯ ಮೇಲೆ ತಂದಿಟ್ಟಿದೆ. ದುಡ್ಡಿಲ್ಲದ ಹುಡುಗ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಕೊಡುಗೆ ಇಲ್ಲ. ಇದನ್ನು ಕೀಳಾಗಿ ಕಾಣುವ ಯಾರ ಮಾತನ್ನೂ ನಾನು ಒಪ್ಪಲಾರೆ.

ವಾದ್ಯದ ದೇಹದಲ್ಲೂ ಕೊರತೆಗಳಿವೆ. ಮನೆಗಳು ಕಿರಿದು, ಹಾರ್ಮೋನಿಯಂ ಅಭ್ಯಾಸವಾದ ಬೆರಳಿಗೆ ಇಕ್ಕಟ್ಟು. ಎರಡೇ ಸ್ಥಾಯಿಯ ಹರವು. ಹಳೆಯ ಮಿನಿಮೂಗ್ ಕೆಟ್ಟರೆ ಬಲ್ಲ ಮೆಕ್ಯಾನಿಕ್ ಬಿಡಿಭಾಗ ಬದಲಿಸಿ ಬದುಕಿಸಬಹುದು. ಯಂತ್ರ ಕೂರಿಸಿದ ಈ ಪುಟ್ಟ ಭಾಗಗಳನ್ನು ಬಿಚ್ಚಿ ಬೆಸೆಯುವುದು ಎಲ್ಲ ರಿಪೇರಿ ಅಂಗಡಿಯಲ್ಲೂ ಆಗುವ ಕೆಲಸವಲ್ಲ. ಬೆಲೆ ಇಳಿಸಿದ ಉಪಾಯವೇ ರಿಪೇರಿಯನ್ನು ಕಷ್ಟ ಮಾಡಿದೆ.

ಇಷ್ಟರವರೆಗೆ ತಕ್ಕಡಿ ಬೇಡ ಅನ್ನುವವರ ಕಡೆಗೇ ವಾಲಿದೆ. ಆದರೆ ಒಂದೇ ಕಂಠ ಎಂಬುದನ್ನು ಕೊರತೆ ಎಂದು ಎಣಿಸಿದ್ದು ಯಾರ ಅಳತೆಗೋಲಿನಿಂದ? ಕಾರ್ಡಿನ ಮೇಲೆ ಕಟ್ಟಿದ ಪಾಶ್ಚಾತ್ಯ ಸಂಗೀತಕ್ಕೆ ಅದು ಕೊರತೆಯೇ. ನಮ್ಮ ರಾಗಸಂಗೀತ ನಿಂತಿರುವುದು ಶ್ರುತಿಯ ಮೇಲೆ ಹರಿಯುವ ಒಂದೇ ಎಳೆಯ ಮೇಲೆ. ಕೊಳಲಿಗೆ ಒಂದೇ ಕಂಠ, ನಾಗಸ್ವರಕ್ಕೆ ಒಂದೇ ಕಂಠ. ಅವು ಬಡ ವಾದ್ಯಗಳೆಂದು ಯಾರೂ ಹೇಳಿಲ್ಲ. ಶ್ರುತಿ ಹಿಡಿಯಲು ನಮ್ಮ ಮನೆಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಆಗಲೇ ಇದೆ. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನ ರಾಡೆಲ್ ಸಂಸ್ಥೆಯ ಮೂಲಕ ಅದನ್ನು ಊರೂರಿಗೆ ತಲುಪಿಸಿದರು. ಎಲೆಕ್ಟ್ರಾನಿಕ್ ನಾದ ನಮಗೆ ಹೊರಗಿನದೆಂಬ ಮಾತು ಹಾಗಾಗಿ ನಿಲ್ಲುವುದಿಲ್ಲ. ಆ ತಂಬೂರಿ ಹಾಕಿಕೊಂಡೇ ನಮ್ಮ ಮಕ್ಕಳು ದಿನಾ ಸರಳೆ ಹಾಡುತ್ತಾರೆ.

ಮಾನೋಲಾಗ್‌ನಲ್ಲಿ ಈ ದೃಷ್ಟಿಯಿಂದ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಬ್ರಿಟಿಷ್ ಸಂಗೀತಗಾರ ಏಫೆಕ್ಸ್ ಟ್ವಿನ್ ಈ ವಾದ್ಯಕ್ಕಾಗಿ ಕಾರ್ಗ್ ಜೊತೆ ಕೆಲಸ ಮಾಡಿದರು, ಅದರಿಂದ ಮೈಕ್ರೋಟ್ಯೂನಿಂಗ್ ಬಂತು. ಒಂದೊಂದು ಮನೆಯ ಸ್ವರಸ್ಥಾನವನ್ನೂ ಬೇಕಾದಷ್ಟು ಏರಿಸಬಹುದು, ಇಳಿಸಬಹುದು. ಹಾರ್ಮೋನಿಯಂ ವಿಷಯದಲ್ಲಿ ನಮ್ಮ ಹಿರಿಯರ ದೂರು ಏನಿತ್ತು? ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದರೆ ಪ್ರತಿ ಭಾಗ 100 ಸೆಂಟ್. ಆಗ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ದೂರ ಕೂರುತ್ತದೆ. ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳುವ 5:4 ಅನುಪಾತದ ಗಾಂಧಾರ ಸುಮಾರು 386ರಲ್ಲಿದೆ. ಆ 14 ಸೆಂಟಿನ ಅಂತರವೇ ಶ್ರುತಿಶುದ್ಧ ಕಿವಿಗೆ ಚುಚ್ಚುವುದು. ಈ ವಾದ್ಯದಲ್ಲಿ ಆ ಗಾಂಧಾರವನ್ನು ಇಳಿಸಿ ಕೂರಿಸಬಹುದು. ಸಾಮಾನ್ಯ ಹಾರ್ಮೋನಿಯಂನಲ್ಲಿ ನುಡಿಸುವವರ ಕೈಗೆ ಇಲ್ಲದ ಸ್ವಾತಂತ್ರ್ಯ ಇದು.

ಇಲ್ಲೂ ಹಿಗ್ಗಿ ಮಾತಾಡಬಾರದು. ರಾಗ ಎಂದರೆ ಸ್ವರಸ್ಥಾನ ಮಾತ್ರವಲ್ಲ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವೇ ಅಲ್ಲ, ಅದರ ಜೀವ ತೂಗಾಟದಲ್ಲಿದೆ. ವೀಣೆಯ ತಂತಿಯನ್ನು ಎಳೆದು ತರುವ ಗಮಕವನ್ನು ಮನೆ ಒತ್ತಿ ತರಲಾಗದು. ಪಕ್ಕದಲ್ಲೊಂದು ಸ್ಲೈಡರ್ ಇದೆ, ಸ್ವರದಿಂದ ಸ್ವರಕ್ಕೆ ಜಾರುವ ಸೌಲಭ್ಯವೂ ಇದೆ. ಅವುಗಳಿಂದ ಜಾರು ಬಂದೀತು, ನುರಿತ ಕೈಯಲ್ಲಿ ಒಂದಿಷ್ಟು ಕಂಪನವೂ ಬಂದೀತು. ಕಛೇರಿಯ ಗಮಕ ಬರಲಾರದು. ಜೊತೆಗೆ, ಮೈಕ್ರೋಟ್ಯೂನಿಂಗ್ ಪುಕ್ಕಟೆ ಸಾಫ್ಟ್‌ವೇರಿನಲ್ಲೂ ಇದೆ ಎಂದು ಎದುರು ಪಕ್ಷ ನೆನಪಿಸಿದರೆ ಅದು ನ್ಯಾಯವೇ. ಸರ್ಜ್‌ನಲ್ಲಿ ಅದು ಚೆನ್ನಾಗಿಯೇ ಇದೆ.

ಹಾಗಾದರೆ ಅಗ್ಗದ ಪೆಟ್ಟಿಗೆ ಸಂಗೀತಕ್ಕೆ ಏನು ಕೊಟ್ಟೀತು? ಉತ್ತರ ಇತಿಹಾಸದಲ್ಲಿದೆ, ಅದು ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಒಂದೇ ಕಂಠದ ಪುಟ್ಟ ಸಿಂಥ್ ತಂದಿತು. ಒಬ್ಬರೇ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಜೊತೆಗಾರನಾಗಲಿ ಎಂಬುದು ಉದ್ದೇಶ. ಬೇಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ. ಸುಮಾರು 10 ಸಾವಿರ ತಯಾರಾಗಿ, 1984ರಲ್ಲಿ ನಿಂತುಹೋಯಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದ ಅದನ್ನು ಶಿಕಾಗೊದ ಹುಡುಗರು ತಂದು, ಫಿಲ್ಟರ್ ಗುಂಡಿಯನ್ನು ಮನಬಂದಂತೆ ತಿರುಗಿಸಿದರು. 1987ರಲ್ಲಿ ಫ್ಯೂಚರ್ ತಂಡದ ‘ಆ್ಯಸಿಡ್ ಟ್ರ್ಯಾಕ್ಸ್’ ಬಂತು, ಆ್ಯಸಿಡ್ ಹೌಸ್ ಎಂಬ ಹೊಸ ಸಂಗೀತಕ್ಕೆ ದಾರಿಯಾಯಿತು. ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯಗೋಷ್ಠಿಗಳ ಕಲಾವಿದ ಚರಣ್‌ಜಿತ್ ಸಿಂಗ್ ಅದೇ ಪೆಟ್ಟಿಗೆಯ ಜೊತೆ ಟಿಆರ್-808 ತಾಳಯಂತ್ರವನ್ನೂ ಜುಪಿಟರ್-8 ಸಿಂಥನ್ನೂ ಸೇರಿಸಿ, ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದ ಧ್ವನಿಮುದ್ರಿಕೆ ಹೊರತಂದಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ ಟಿಬಿ-303ರ ಗುಣ ರಾಗದ ನಡೆಗೆ ಒಗ್ಗಿತ್ತು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಲೋಕ ಬೆರಗಾಯಿತು.

ಒಂದೇ ಕಂಠದ ಕೈಗೆಟಕುವ ಯಂತ್ರದಿಂದಲೂ ಹೊಸ ಸಂಗೀತ ಹುಟ್ಟುತ್ತದೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಆದರೆ ಆ ಪೆಟ್ಟಿಗೆಗಳು ಅಷ್ಟು ಅಗ್ಗಕ್ಕೆ ಸಿಕ್ಕಿದ್ದು, ಆಸೆಯಿಂದ ಕೊಂಡ ಎಷ್ಟೋ ಜನ ಮಾರಿಬಿಟ್ಟದ್ದರಿಂದ. ಚರಣ್‌ಜಿತ್ ಸಿಂಗ್ ಕೂಡ ಪೆಟ್ಟಿಗೆಯಿಂದ ಸಂಗೀತ ಕಲಿತವರಲ್ಲ. ಹಲವು ವರ್ಷ ನುಡಿಸಿ ಪಳಗಿದ ಕೈಗೆ ಪೆಟ್ಟಿಗೆ ಸಿಕ್ಕಿತು.

ಎರಡನ್ನೂ ತೂಗಿದ ಮೇಲೆ ನನ್ನ ತೀರ್ಮಾನ ಇದು. ಪೂರ್ತಿ ಹಾಡು ಕಟ್ಟಿ ಜನರಿಗೆ ಕೇಳಿಸುವುದೇ ಗುರಿಯಾಗಿದ್ದರೆ ಮೊದಲು ಲ್ಯಾಪ್‌ಟಾಪ್ ಸಾಕು, ಉಳಿದ ಹಣದಲ್ಲಿ ಒಳ್ಳೆಯ ಹೆಡ್‌ಫೋನ್ ಕೊಳ್ಳಿ. ನಾದ ಹೇಗೆ ಹುಟ್ಟುತ್ತದೆಂದು ಕೈಯಾರೆ ತಿಳಿಯುವ ಹಂಬಲ ಇರುವವರಿಗೆ, ಈಗಾಗಲೇ ಹಾಡುತ್ತಲೋ ವಾದ್ಯ ನುಡಿಸುತ್ತಲೋ ಇದ್ದು ಎಲೆಕ್ಟ್ರಾನಿಕ್ ನಾದದಲ್ಲಿ ತಮ್ಮದೊಂದು ಎಳೆ ಹುಡುಕುವವರಿಗೆ ಈ ಪುಟ್ಟ ಅನಲಾಗ್ ಸಿಂಥ್ ಕೊಟ್ಟ ಬೆಲೆಗೆ ತಕ್ಕ ವಾದ್ಯ. ಯಾವ ಗುಂಪಿನವರೆಂದು ಗೊತ್ತಿಲ್ಲದಿದ್ದರೆ ಒಂದು ತಿಂಗಳು ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಒಂದೇ ಆಸಿಲೇಟರ್, ಒಂದೇ ಫಿಲ್ಟರ್ ಇಟ್ಟುಕೊಂಡು ಅಭ್ಯಾಸ ಮಾಡಿ. ತಿಂಗಳ ಕೊನೆಗೂ ಆ ಒಂದು ಎಳೆಯೇ ನಿಮ್ಮನ್ನು ಹಿಡಿದಿಟ್ಟಿದ್ದರೆ ವಾದ್ಯವನ್ನು ಧೈರ್ಯವಾಗಿ ಮನೆಗೆ ತನ್ನಿ. ತಂದ ಮೇಲೆ ಪಕ್ಕದಲ್ಲಿ ತಂಬೂರಿ ಹಾಕಿ, ಗಾಂಧಾರವನ್ನು ನಿಮ್ಮ ಕಿವಿ ಒಪ್ಪುವಲ್ಲಿ ಕೂರಿಸಿ, ಅಲ್ಲಿಂದ ಶುರುಮಾಡಿ.