ಪ್ರೊಬೇಷನ್ ನೌಕರರೂ ನಮ್ಮವರೇ

2025ರ ಫೆಬ್ರವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಪ್ರೊಬೇಷನ್‌ನಲ್ಲಿದ್ದ ಸುಮಾರು 25 ಸಾವಿರ ನೌಕರರನ್ನು ವಜಾ ಮಾಡಿತು. ಹಲವರಿಗೆ ಹೋದದ್ದು ಒಂದೇ ಅಚ್ಚಿನ ಕಾಗದ: ಕೆಲಸ ತೃಪ್ತಿಕರವಲ್ಲವಂತೆ! ಒಳ್ಳೆಯ ವರದಿ ಪಡೆದವರಿಗೂ ಅದೇ ಕಾಗದ.

ನೌಕರರ ಸಂಘಗಳು ಸುಮ್ಮನಿರಲಿಲ್ಲ, ನ್ಯಾಯಾಲಯಕ್ಕೆ ಹೋದವು. ಮಾರ್ಚ್ 13ರಂದು ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ವಿಲಿಯಂ ಆಲ್ಸಪ್‌ರವರು ಆರು ಇಲಾಖೆಗಳ ನೌಕರರನ್ನು ಮರಳಿ ತೆಗೆದುಕೊಳ್ಳುವಂತೆ ಆಜ್ಞೆ ಮಾಡಿದರು. ಏಪ್ರಿಲ್ 8ರಂದು ಅಲ್ಲಿಯ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು. ಸೆಪ್ಟೆಂಬರಿನಲ್ಲಿ ಆಲ್ಸಪ್‌ರವರು ವಜಾ ಕಾನೂನುಬಾಹಿರವೆಂದು ತೀರ್ಪಿತ್ತರು; ದಾಖಲೆ ತಿದ್ದಲು ಹೇಳಿದರು, ಕೆಲಸ ಮಾತ್ರ ಮರಳಿ ಕೊಡಿಸಲಿಲ್ಲ.

ನಮ್ಮ ಸುಪ್ರೀಂ ಕೋರ್ಟು 1974ರ ಶಂಷೇರ್ ಸಿಂಗ್ ಮೊಕದ್ದಮೆಯಲ್ಲಿ, ಆಜ್ಞೆಯ ಮಾತು ಎಷ್ಟೇ ನಯವಾಗಿರಲಿ, ಒಳಗಿರುವುದು ಶಿಕ್ಷೆಯಾದರೆ ವಿಚಾರಣೆಯಿಲ್ಲದೆ ಪ್ರೊಬೇಷನ್ ನೌಕರನನ್ನು ತೆಗೆಯಕೂಡದೆಂದಿದೆ. ಆದರೆ ಒಂಟಿ ನೌಕರನು ಕೋರ್ಟಿನ ಮೆಟ್ಟಲು ಹತ್ತುವುದೆಂತು?

ಖಾಯಂ ಆಗದವನು ನಮ್ಮವನಲ್ಲವೆನ್ನುವ ಸಂಘವು ನಾಳೆಯ ಸದಸ್ಯನನ್ನೇ ಕಳೆದುಕೊಳ್ಳುತ್ತದೆ. ಗಿರಣಿಯ ಬದಲಿ ಕಾರ್ಮಿಕನಿಗೆ ಈ ಮಾತು ಹೊಸದಲ್ಲ. ಅಂಗಡಿಯವನಿಗೂ ಅಲ್ಲ, ಸಂಬಳ ನಿಂತ ಮನೆಯ ಬಾಕಿ ಉಳಿಯುವುದು ಅವನ ಉದ್ರಿ ಪುಸ್ತಕದಲ್ಲೇ.

ತೀರ್ಪು ತಡವಾಗಿ ಬರುತ್ತದೆ, ಹಸಿವು ಕಾಯುವುದಿಲ್ಲ. ಆದುದರಿಂದ ಸಂಘಗಳು ಪ್ರೊಬೇಷನ್ ನೌಕರರಿಗೆ ಮೊದಲ ದಿನವೇ ಸದಸ್ಯತ್ವ ಕೊಡಬೇಕು, ಮೊಕದ್ದಮೆ ನಿಧಿ ಕೂಡಿಸಿಡಬೇಕು ಎಂದು ನಾವು ಒತ್ತಾಯಿಸುತ್ತೇವೆ.