ಮಕ್ಕಳು ಇಂಗ್ಲೆಂಡಿಗೆ ಹೊರಟಾಗ



ದೊಡ್ಡಬಳ್ಳಾಪುರದ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಮಗ್ಗದ ದುಡಿಮೆಯಿಂದ ಮಗನನ್ನು ಓದಿಸಿದ ಮನೆ ಅವರದು. ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆಯ ಕೆಲಸ ಕೊಡಿಸುವುದಾಗಿ ದಲ್ಲಾಳಿಯೊಬ್ಬ ಹನ್ನೆರಡು ಲಕ್ಷ ರೂಪಾಯಿ ಕೇಳಿದ್ದಾನಂತೆ. ಉಳಿದಿರುವ ಒಂದೆಕರೆ ಹೊಲವನ್ನು ಮಾರಬಹುದೇ ಎಂಬುದು ಆ ತಾಯಿಯ ಪ್ರಶ್ನೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಪರದೇಶವು ನಮ್ಮ ಹಿತ್ತಿಲಿಗೇ ಬಂದಂತಾಗಿದೆ. ಇಂತಹ ಪ್ರಶ್ನೆ ಹೊಸಕೋಟೆ, ನೆಲಮಂಗಲಗಳ ಮನೆಗಳಲ್ಲಿಯೂ ಏಳುತ್ತಿರುವುದರಿಂದ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿಯೇ ಬರೆಯುತ್ತಿದ್ದೇವೆ.

ತಾಯೀ, ಹೊಲವನ್ನು ಮಾರಬೇಡಿ. ಹೊರದೇಶಗಳಿಂದ ಆರೈಕೆ ಕೆಲಸಗಾರರನ್ನು ಹೊಸದಾಗಿ ಕರೆಸಿಕೊಳ್ಳುವುದನ್ನು ಬ್ರಿಟಿಷ್ ಸರ್ಕಾರ 2025ರ ಜುಲೈ 22ರಿಂದ ನಿಲ್ಲಿಸಿದೆ. ಇಲ್ಲದ ಕೆಲಸಕ್ಕೆ ಹಣ ಕೇಳುವವನ ಮಾತನ್ನು ನಂಬುವುದೆಂತು? ಬೇರೆ ಉದ್ಯೋಗವೆಂದು ಹೇಳಿದರೂ ಎರಡು ವಿಷಯಗಳನ್ನು ಪರೀಕ್ಷಿಸಿರಿ. ನಮ್ಮ ದೇಶದ 1983ರ ವಲಸೆ ಕಾಯಿದೆಯಂತೆ ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟರು ಸರ್ಕಾರದಲ್ಲಿ ನೋಂದಣಿ ಪಡೆದಿರಬೇಕು. ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆ. ಹಾಗೆಯೇ ಪರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಬ್ರಿಟಿಷ್ ಸರ್ಕಾರವೂ ಪ್ರಕಟಿಸುತ್ತದೆ. ಎರಡರಲ್ಲಿಯೂ ಹೆಸರಿಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬಾರದು.

ಇನ್ನೊಂದು ಮಾತು. ಮಗನು ಅನಿವಾಸಿ ಭಾರತೀಯನಾದ ಮೇಲೆ ತನ್ನ ಹೆಸರಿನಲ್ಲಿರುವ ಕೃಷಿ ಭೂಮಿಯನ್ನು ಉಳಿಸಿಕೊಳ್ಳಬಹುದು, ಪಿತ್ರಾರ್ಜಿತವಾಗಿಯೂ ಪಡೆಯಬಹುದು. ಆದರೆ ಹೊಸದಾಗಿ ಕೊಳ್ಳಲು ನಿಯಮ ಬಿಡುವುದಿಲ್ಲ. ಇಂದು ಮಾರಿದ ಹೊಲವನ್ನು ನಾಳೆ ಪೌಂಡಿನಲ್ಲಿ ದುಡಿದು ಮರಳಿ ಪಡೆಯುವೆನೆಂಬುದು ಸುಲಭದ ಮಾತಲ್ಲ.

ಓದಲು ಹೋಗುವವರ ದಾರಿ ತೆರೆದಿದೆ. ಆರು ತಿಂಗಳಿಗೂ ಹೆಚ್ಚಿನ ವೀಸಾ ಬೇಕಾದವರು ಮಾನ್ಯತೆ ಪಡೆದ ಚಿಕಿತ್ಸಾಲಯದಲ್ಲಿ ಕ್ಷಯರೋಗ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ವೀಸಾ ಶುಲ್ಕದ ಜೊತೆಗೆ ಆರೋಗ್ಯ ಸೇವೆಯ ಶುಲ್ಕವೆಂದು ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಮುಂಗಡವಾಗಿಯೇ ಕಟ್ಟಬೇಕಾಗುತ್ತದೆ. ಪದವಿ ಮಟ್ಟದ ವಿದ್ಯಾರ್ಥಿಗಳಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಲು ಅನುಮತಿಯುಂಟು; ಆ ಸಂಪಾದನೆಯಿಂದಲೇ ಶುಲ್ಕ ತೀರಿಸುವೆನೆಂಬ ಲೆಕ್ಕ ಕೂಡುವುದಿಲ್ಲ. 2024ರ ಜನವರಿಯಿಂದೀಚೆಗೆ ಬಹುತೇಕ ವಿದ್ಯಾರ್ಥಿಗಳು ಪತ್ನಿ ಅಥವಾ ಪತಿಯನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಮದುವೆ ನಿಶ್ಚಯಿಸುವ ಹಿರಿಯರು ಇದನ್ನು ಮೊದಲೇ ಅರಿತಿರಬೇಕು.

ಗಂಟುಮೂಟೆ ಕಟ್ಟುವಾಗ ತಾಯಂದಿರು ಪ್ರೀತಿಯಿಂದ ತುಪ್ಪ, ಪೇಡ ಇಡುವುದುಂಟು. ಹಾಲಿನ ಪದಾರ್ಥಗಳನ್ನು ಇಲ್ಲಿಂದ ಅಲ್ಲಿಗೆ ಒಯ್ಯುವಂತಿಲ್ಲ, ಸುಂಕದವರು ಕಿತ್ತಿಡುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ ಕಳುಹಿಸಿರಿ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ವಿಮಾನದಲ್ಲಿ ನಿಷಿದ್ಧ. ಇಷ್ಟಲಿಂಗವನ್ನು ಕೊರಳಲ್ಲಿ ಧರಿಸಿಯೇ ಹೊರಡಬಹುದು. ಬೆಳ್ಳಿಯ ಕರಡಿಗೆಯಿಂದಾಗಿ ತಪಾಸಣೆಯ ಯಂತ್ರ ಸದ್ದು ಮಾಡಿದರೆ ಗಾಬರಿಯಾಗದೆ, ಇದು ನಮ್ಮ ಪೂಜೆಯ ವಸ್ತುವೆಂದು ಶಾಂತವಾಗಿ ತಿಳಿಸಿದರೆ ಸಾಕು. ಅಲ್ಲಿಯ ಕೋಣೆಗಳಲ್ಲಿ ಹೊಗೆಗೆ ಕೂಗುವ ಗಂಟೆಗಳಿರುತ್ತವೆ. ಧೂಪ ಹಾಕಿ ಇಡೀ ಕಟ್ಟಡದವರನ್ನು ಬೀದಿಗೆ ತರುವ ಬದಲು ವಿಭೂತಿ, ಪತ್ರೆ, ನೀರಿನಿಂದಲೇ ಪೂಜೆ ಸಾಗಲಿ.

ಬಾಡಿಗೆ ಮನೆಯ ವಿಷಯದಲ್ಲಿ ಒಂದು ಅನುಕೂಲವುಂಟು. ಬೆಂಗಳೂರಿನಂತೆ ಹತ್ತು ತಿಂಗಳ ಮುಂಗಡ ಅಲ್ಲಿಲ್ಲ. ಇಂಗ್ಲೆಂಡಿನ 2019ರ ಕಾನೂನಿನಂತೆ ಸಾಮಾನ್ಯವಾಗಿ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಮಾಲೀಕರು ಆ ಹಣವನ್ನು 30 ದಿನಗಳೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇರಿಸಬೇಕು. ಮನೆಯನ್ನು ನೋಡದೆ, ಕಾಗದವಿಲ್ಲದೆ ಹಣ ಕಳುಹಿಸಬಾರದು. ಊರು ತಲುಪಿದ ವಾರದಲ್ಲಿಯೇ ಸಮೀಪದ ವೈದ್ಯರಲ್ಲಿ ಹೆಸರು ನೋಂದಾಯಿಸಬೇಕು, ಅದಕ್ಕೆ ಶುಲ್ಕವಿಲ್ಲ. ಅಪಾಯಕ್ಕೆ 999, ತುರ್ತು ವೈದ್ಯಕೀಯ ಸಲಹೆಗೆ 111 ಎಂಬ ಸಂಖ್ಯೆಗಳನ್ನು ನೆನಪಿಡಬೇಕು.

ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ಸಂಜೆ ನಾಲ್ಕರ ಸುಮಾರಿಗೇ ಮುಳುಗುತ್ತಾನೆ. ನಮ್ಮ ಬಯಲುಸೀಮೆಯ ಬಿಸಿಲಲ್ಲಿ ಬೆಳೆದ ಮಕ್ಕಳ ಮನಸ್ಸು ಆಗ ಕುಗ್ಗುವುದುಂಟು. ಬಿಸಿಲು ಸಾಲದ ಕಾರಣ ‘ಡಿ’ ಜೀವಸತ್ವದ ಮಾತ್ರೆ ತೆಗೆದುಕೊಳ್ಳುವಂತೆ ಅಲ್ಲಿಯ ಆರೋಗ್ಯ ಇಲಾಖೆಯೇ ಸಲಹೆ ನೀಡುತ್ತದೆ. ಚಳಿಗಾಲದಲ್ಲಿ ನಮಗೂ ಅವರಿಗೂ ಐದೂವರೆ ಗಂಟೆಯ ಅಂತರ. ನಮ್ಮ ರಾತ್ರಿಯ ಊಟದ ಹೊತ್ತಿಗೆ ಅವರದು ಇನ್ನೂ ಮಧ್ಯಾಹ್ನ. ಮಾತಿಗೆ ಒಂದು ವೇಳೆ ಗೊತ್ತುಮಾಡಿಕೊಳ್ಳಿರಿ. ಆಗ ದುಡ್ಡಿನ ಮಾತಿಗಿಂತ ಮೊದಲು ಊಟದ ಮಾತು, ನಿದ್ದೆಯ ಮಾತು ಬರಲಿ. ಸೋತು ಹಿಂದಿರುಗಿದರೂ ಮನೆಯ ಬಾಗಿಲು ತೆರೆದಿದೆಯೆಂಬುದನ್ನು ಹೊರಡುವ ಮೊದಲೇ ಮಕ್ಕಳಿಗೆ ಹೇಳಿ ಕಳುಹಿಸಬೇಕೆಂಬುದು ನಮ್ಮ ಕಳಕಳಿಯ ಪ್ರಾರ್ಥನೆ.

ಹಿರಿಯರಿಗೂ ಒಂದು ಕಹಿಸತ್ಯವನ್ನು ಹೇಳಲೇಬೇಕು. ತಂದೆತಾಯಿಗಳನ್ನು ಖಾಯಮ್ಮಾಗಿ ಕರೆಸಿಕೊಳ್ಳುವ ನಿಯಮ ಬ್ರಿಟನ್ನಿನಲ್ಲಿ ಅತಿ ಕಠಿಣ. ನೆಂಟರಂತೆ ಹೋಗಿ ಆರು ತಿಂಗಳ ಮಟ್ಟಿಗೆ ಇದ್ದು ಬರಬಹುದು, ಅಷ್ಟೆ. ಆದುದರಿಂದ ಮುಪ್ಪಿನಲ್ಲಿ ಮೈಗೆ ಸೌಖ್ಯವಿಲ್ಲದಾಗ ಯಾರು ನೋಡುವರು, ಹೊಲದ ಖಾತೆ, ಬ್ಯಾಂಕಿನ ವ್ಯವಹಾರ ಯಾರ ಕೈಯಲ್ಲಿ ಎಂಬುದನ್ನು ಅಣ್ಣತಮ್ಮ, ಅಕ್ಕತಂಗಿಯರು ಒಟ್ಟಿಗೆ ಕುಳಿತು, ಟಿಕೆಟ್ಟು ಕೊಳ್ಳುವ ಮೊದಲೇ ತೀರ್ಮಾನಿಸಬೇಕು.

ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಡದಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಒಂಟಿಯೆನಿಸಿದ ದಿನ ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಬರಲಿ. ಸತ್ಯಶುದ್ಧ ಕಾಯಕಕ್ಕೆ ಯಾವ ದೇಶವಾದರೇನು? ಆದರೆ ಆ ಕಾಯಕದ ಮೊದಲ ಹೆಜ್ಜೆಯೇ ಸುಳ್ಳು ಕಾಗದದ ಮೇಲೆ ಬೀಳಬಾರದು.